ಲಿನಕ್ಸ್‌ನಲ್ಲಿ ಡಿಬಗ್ ಗುರುತು ಏಕೆ ಸಿಗುವುದಿಲ್ಲ

ವಿಷುಯಲ್ ಸ್ಟುಡಿಯೋದಲ್ಲಿ ಸಿಗುವ ‘_ಡಿಬಗ್’ ಮ್ಯಾಕ್ರೋ (ಕೋಡಿನಲ್ಲಿ ಪರೀಕ್ಷಿಸಬಹುದಾದ ಗುರುತು) ಲಿನಕ್ಸ್‌ನ ಜಿಸಿಸಿ ಕಂಪೈಲರಿನಲ್ಲಿ (ಕೋಡನ್ನು ಪ್ರೋಗ್ರಾಂ ಆಗಿಸುವ ತಂತ್ರಾಂಶದಲ್ಲಿ) ಏಕಿಲ್ಲ ಎಂದು ಕೇಳಿದ್ದೀರಿ. ಅದು ಮೈಕ್ರೋಸಾಫ್ಟ್ ಕಂಪೈಲರಿನ ಸ್ವಂತ ಗುರುತು. ದೋಷ ಹುಡುಕಲು ನೆರವಾಗುವ ಡಿಬಗ್ ರನ್‌ಟೈಮ್ ಲೈಬ್ರರಿ ಆರಿಸಿದಾಗ ತಾನಾಗಿ ಬರುತ್ತದೆ. ಸಿ ಭಾಷೆಯ ಮಾನಕಕ್ಕೆ ಗೊತ್ತಿರುವುದು ‘ಎನ್‌ಡಿಬಗ್’. ಅದನ್ನೇ ಪರೀಕ್ಷಿಸಿ: ಇದ್ದರೆ ರಿಲೀಸ್ (ಬಳಕೆದಾರರಿಗೆ ಕೊಡುವ ಆವೃತ್ತಿ), ಇಲ್ಲದಿದ್ದರೆ ಡಿಬಗ್ (ದೋಷ ಹುಡುಕುವ ಆವೃತ್ತಿ). ಆದರೆ ಜಿಸಿಸಿ ಇದನ್ನೂ ತಾನಾಗಿ ಕೊಡುವುದಿಲ್ಲ, ಕೋಡಿನ ವೇಗ ಹೆಚ್ಚಿಸುವ ‘-ಓ2’ ಆಯ್ಕೆ ಹಾಕಿದರೂ ಅಷ್ಟೇ. ಬಿಲ್ಡ್ ಸಿದ್ಧಪಡಿಸುವ ಸಾಧನವಾದ ಸಿಮೇಕ್‌ನಲ್ಲಿ ಬಿಲ್ಡ್ ಟೈಪ್ ರಿಲೀಸ್ ಎಂದು ಕೊಟ್ಟರೆ ಎನ್‌ಡಿಬಗ್ ಸೇರಿಕೊಳ್ಳುತ್ತದೆ. ಖಾಲಿ ಬಿಟ್ಟರೆ ಇಲ್ಲ.

ಇನ್ನೊಂದು ಮಾತು, ದಯವಿಟ್ಟು ಗಮನಿಸಿ. ಷರತ್ತು ನಿಜವೇ ಎಂದು ಪರೀಕ್ಷಿಸುವ ‘ಅಸರ್ಟ್’, ಎನ್‌ಡಿಬಗ್ ಇದ್ದರೆ ಕೋಡಿನಿಂದಲೇ ಹೋಗಿಬಿಡುತ್ತದೆ. ಹಾಗಾಗಿ ಅಸರ್ಟ್‌ನ ಆವರಣದೊಳಗೆ ನಿಜವಾದ ಕೆಲಸ ಮಾಡುವ ಫಂಕ್ಷನ್ನನ್ನು ಕರೆಯಬೇಡಿ. ಹಿಂದೊಮ್ಮೆ ನಾನು ಫೈಲ್ ತೆರೆಯುವ ಕರೆಯನ್ನೇ ಅಲ್ಲಿಟ್ಟಿದ್ದೆ. ಡಿಬಗ್‌ನಲ್ಲಿ ಎಲ್ಲವೂ ಸರಿಯಾಗಿತ್ತು. ರಿಲೀಸ್‌ನಲ್ಲಿ ಆ ಸಾಲೇ ಮಾಯವಾಗಿ, ಫೈಲ್ ತೆರೆಯಲೇ ಇಲ್ಲ; ಕಾರಣ ಹುಡುಕುವುದಕ್ಕೆ ಎರಡು ದಿನ ಹಿಡಿಯಿತು.