ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರನ್ನು ಹೊಗಳುವವರೂ ತೆಗಳುವವರೂ ಇರುವುದು ಯಾಕೆ?

ತುರ್ತು ಪರಿಸ್ಥಿತಿಯಲ್ಲಿ ಸರ್ಕಾರದ ಪರ ನಿಂತವರೇ ಆಮೇಲೆ ಬಡವರಿಗೆ ಸುಪ್ರೀಂ ಕೋರ್ಟಿನ ಬಾಗಿಲು ತೆರೆದರು, ಅದಕ್ಕೆ. 1976ರ ಜಬಲ್ಪುರ ಪ್ರಕರಣದಲ್ಲಿ, ವಿಚಾರಣೆಯಿಲ್ಲದೆ ಬಂಧಿಸಿದರೂ ಕೋರ್ಟಿಗೆ ಹೋಗುವಂತಿಲ್ಲ ಎಂದ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳಲ್ಲಿ ಇವರೂ ಒಬ್ಬರು. ಒಪ್ಪದವರು ಎಚ್.ಆರ್. ಖನ್ನಾ ಮಾತ್ರ. 2017ರಲ್ಲಿ ಸುಪ್ರೀಂ ಕೋರ್ಟೇ ಆ ತೀರ್ಪನ್ನು ತಳ್ಳಿಹಾಕಿತು.

ಮುಂಚೆ ಅನ್ಯಾಯವಾದವರೇ ಕೋರ್ಟಿಗೆ ಬರಬೇಕಿತ್ತು. ಜೈಲಲ್ಲಿ ಕೊಳೆಯುವ ಬಡವ ವಕೀಲರನ್ನು ಎಲ್ಲಿಂದ ತರಬೇಕು, ಅಲ್ವಾ? ಅವನ ಪರ ಬೇರೆಯವರು ಕೇಳಬಹುದು, ಒಂದು ಕಾಗದ ಬರೆದರೂ ಸಾಕು ಎಂದರು ಭಗವತಿ. ಇದೇ ಸಾರ್ವಜನಿಕ ಹಿತಾಸಕ್ತಿ ಅರ್ಜಿ. 1979ರ ಹುಸೇನಾರಾ ಖಾತೂನ್ ಪ್ರಕರಣದಲ್ಲಿ ಬಿಹಾರದ ಜೈಲುಗಳಿಂದ ಹೊರಬಂದವರಲ್ಲಿ ಅನೇಕರು, ತಪ್ಪು ಸಾಬೀತಾಗಿದ್ದರೆ ಸಿಗುತ್ತಿದ್ದ ಶಿಕ್ಷೆಗಿಂತ ಜಾಸ್ತಿ ಕಾಲ ಸುಮ್ನೆ ವಿಚಾರಣೆಗೇ ಕಾದಿದ್ದರು!

ಇದೆಲ್ಲ ಪ್ರಾಯಶ್ಚಿತ್ತ ಅನ್ನುವವರಿದ್ದಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಬಡವರಿಗೆ ಕಾನೂನು ನೆರವಿನ ಕೆಲಸವನ್ನು ಅವರು ಗುಜರಾತಿನಲ್ಲಿ ತುರ್ತು ಪರಿಸ್ಥಿತಿಗೂ ಮೊದಲೇ ಶುರು ಮಾಡಿದ್ದರು.