ಪ್ರೋಗ್ರಾಮಿಂಗ್ ಗೊತ್ತಿಲ್ಲದ ಆಫೀಸ್ ಸಿಬ್ಬಂದಿಗೆ ಆಟೊಮೇಶನ್ ಕಲಿಸುವುದು ಹೇಗೆ?

ನಿಮ್ಮ ಆಫೀಸಿನವರು ದಿನವಿಡೀ ಎಕ್ಸೆಲ್‌ನಿಂದ ವರ್ಡ್‌ಗೆ ಕಾಪಿ-ಪೇಸ್ಟ್ ಮಾಡುತ್ತಾ ಕೂರುತ್ತಾರೆ, ಅವರಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸಬೇಕೇ ಎಂದು ಕೇಳಿದ್ದೀರಿ. ಈಗಲೇ ಬೇಡ. ಅವರ ಕಂಪ್ಯೂಟರಿನಲ್ಲಿ ಇರುವುದೇ ಸಾಕು.

ನಾನು ಒಂದು ಸಹಕಾರ ಸಂಘದ ಸಿಬ್ಬಂದಿಗೆ ಕಲಿಸಿದ್ದೇನೆ. ಮೊದಲ ದಿನ ಕಂಪ್ಯೂಟರ್ ಮುಟ್ಟಲಿಲ್ಲ. "ಯಾವ ಕೆಲಸ ಮಾಡಿ ಮಾಡಿ ಸಾಕಾಗಿದೆ? ಅದನ್ನು ಹೊಸಬರಿಗೆ ಹೇಳಿಕೊಡುವ ಹಾಗೆ ಹಾಳೆಯಲ್ಲಿ ಬರೆಯಿರಿ" ಎಂದೆ. ಒಬ್ಬರು ಸಾಲದ ಕಂತಿನ ನೋಟಿಸ್ ಬಗ್ಗೆ ಬರೆದರು. ಪ್ರತಿ ತಿಂಗಳೂ ನೂರಾರು ಪತ್ರ, ಒಂದೊಂದಕ್ಕೂ ನಾಲ್ಕು ಸಲ ಕಾಪಿ, ನಾಲ್ಕು ಸಲ ಪೇಸ್ಟ್. ಬರೆದು ಮುಗಿಸಿ ಅವರೇ ಕೇಳಿದರು: "ಹೆಸರು, ಊರು, ಬಾಕಿ, ಕೊನೆ ದಿನ. ಬದಲಾಗೋದು ಇಷ್ಟೇ ಅಲ್ವಾ?" ಕಷ್ಟದ ಪಾಠ ಅಲ್ಲಿಗೆ ಮುಗಿದಿತ್ತು. ಬದಲಾಗುವುದು ಯಾವುದು, ಬದಲಾಗದ್ದು ಯಾವುದು ಎಂದು ಗುರುತಿಸಲು ಬಂದರೆ ಎಕ್ಸೆಲ್ ಪಟ್ಟಿಯ ಒಂದೊಂದು ಸಾಲಿಗೂ ಒಂದೊಂದು ಪತ್ರ ತಾನೇ ತಯಾರಿಸುವ ವರ್ಡ್‌ನ ಮೇಲ್ ಮರ್ಜ್ ಕಲಿಯಲು ಅರ್ಧ ಗಂಟೆ ಸಾಕು.

ಆದರೆ ಒಂದು ಎಡವಟ್ಟಾಯಿತು. ಎಕ್ಸೆಲ್‌ನಲ್ಲಿ 05/08 ಎಂದಿದ್ದ ದಿನಾಂಕ ಪತ್ರದಲ್ಲಿ 8/5 ಆಗಿ ಬಂತು. ಆಗಸ್ಟ್ 5ರ ಗಡುವನ್ನು ಜನ ಮೇ 8 ಎಂದು ಓದುತ್ತಿದ್ದರು! ವರ್ಡ್ ದಿನಾಂಕವನ್ನು ಅಮೆರಿಕದ ಕ್ರಮದಲ್ಲಿ, ತಿಂಗಳು ಮೊದಲು ಹಾಕಿತ್ತು. ಎಕ್ಸೆಲ್‌ನಲ್ಲೇ ಪಕ್ಕದ ಕಾಲಂನಲ್ಲಿ ಟೆಕ್ಸ್ಟ್ ಫಾರ್ಮುಲಾದಿಂದ ದಿನಾಂಕವನ್ನು ಅಕ್ಷರವಾಗಿ ಬದಲಿಸಿಕೊಂಡು, ಆ ಕಾಲಂ ಬಳಸಿದೆವು. ಹಾಗೇ, ಹೆಸರುಗಳು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟ್‌ನಲ್ಲಿದ್ದರೆ ವರ್ಡ್‌ನ ಫೀಲ್ಡ್‌ಗೂ (ಪತ್ರದಲ್ಲಿ ಹೆಸರು ಬಂದು ಕೂರುವ ಜಾಗ) ಅದೇ ಫಾಂಟ್ ಕೊಡಿ. ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಅಂದಿನಿಂದ ನನ್ನ ತರಗತಿಯಲ್ಲಿ ಒಂದೇ ಕಟ್ಟುನಿಟ್ಟು: ಪ್ರಿಂಟ್ ಕೊಡುವ ಮೊದಲು ಹತ್ತು ಪತ್ರಗಳನ್ನು ಮೂಲ ಪಟ್ಟಿಯ ಜೊತೆ ಕೈಯಾರೆ ತಾಳೆ ನೋಡಬೇಕು.

ಇದು ರೂಢಿಯಾದ ಮೇಲೆ ಎಕ್ಸೆಲ್‌ನ ಮ್ಯಾಕ್ರೋ ರೆಕಾರ್ಡರ್ ತೋರಿಸಿ. ನೀವು ಮಾಡಿದ್ದನ್ನೆಲ್ಲ ಅದು ನೆನಪಿಟ್ಟುಕೊಂಡು ಮತ್ತೆ ಮಾಡುತ್ತದೆ; ಹಾಗೆ ದಾಖಲಾದ ಕೆಲಸವೇ ಮ್ಯಾಕ್ರೋ. ಮ್ಯಾಕ್ರೋ ಓಡಿದ ಮೇಲೆ ಕಂಟ್ರೋಲ್-ಜೆಡ್ ಒತ್ತಿದರೆ ಹಿಂದಿನದು ವಾಪಸ್ ಬರುವುದಿಲ್ಲ. ಹಾಗಾಗಿ ಮೊದಲು ಫೈಲಿನ ಕಾಪಿ ತೆಗೆದಿಡುವುದನ್ನು ಕಲಿಸಿ. ಸೇವ್ ಮಾಡುವಾಗ ಫೈಲಿನ ಬಗೆಯನ್ನು ಎಕ್ಸ್‌ಎಲ್‌ಎಸ್‌ಎಂ ಎಂದೇ ಆರಿಸಬೇಕು, ಮಾಮೂಲಿ ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲಿನಲ್ಲಿ ಮ್ಯಾಕ್ರೋ ಉಳಿಯುವುದಿಲ್ಲ.

ಇನ್ನೊಂದು ಮಾತು. ಎರಡನೇ ವಾರ ಒಬ್ಬರು ಮೆಲ್ಲಗೆ ಕೇಳಿದರು, "ಬೇಗ ಮುಗಿಸಿದರೆ ಇನ್ನೊಬ್ಬರ ಕೆಲಸಾನೂ ನನ್ನ ತಲೆಗೆ ಕಟ್ಟುತ್ತಾರಲ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ, ಅದು ಅವರ ಮೇಲಿನವರು ಹೇಳಬೇಕಾದ್ದು. ನಿಮ್ಮ ಆಫೀಸಿನಲ್ಲಿ ಆ ಉತ್ತರವನ್ನು ತರಗತಿ ಶುರುವಾಗುವ ಮುಂಚೆಯೇ ಎಲ್ಲರ ಮುಂದೆ ನೀವೇ ಹೇಳಿಬಿಡಿ.