ಮುದ್ದೆ ಕಿರಿದಾಗುವ ಕಾಲಕ್ಕೆ ಹೊಲದಲ್ಲಿ ಏನು ಬಿತ್ತೋಣ

ತಮ್ಮಾ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಹೊಸದುರ್ಗದ ಕಡೆ ಮೂರು ಎಕರೆ ಮಳೆಯಾಶ್ರಿತ ಕೆಂಪು ಮಣ್ಣು, ಇಲ್ಲಿಯವರೆಗೆ ರಾಗಿ. ನೀವು ಬೆಂಗಳೂರಿನ ಕೆಲಸ ಬಿಟ್ಟು ಬಂದಿದ್ದೀರಿ. ತಂದೆಯವರು ರಾಗಿಯೇ ಇರಲಿ ಎನ್ನುತ್ತಾರೆ, ನಿಮಗೆ ಮೂರೂ ಎಕರೆಗೆ ಸಾಮೆ ಎಂಬ ಸಿರಿಧಾನ್ಯವನ್ನೋ ಹೊರದೇಶದಿಂದ ಬಂದ ಚಿಯಾ ಬೀಜವನ್ನೋ ಹಾಕುವ ಆಸೆ. ಇನ್ನು ಹತ್ತು ವರ್ಷದಲ್ಲಿ ನಗರದ ಜನ ಏನು ತಿನ್ನುತ್ತಾರೋ ಅದನ್ನು ಈಗಲೇ ಬೆಳೆಯಬೇಕು ಎಂಬುದು ನಿಮ್ಮ ಲೆಕ್ಕ. ಇಲ್ಲಿ ಉತ್ತರಿಸಿದ ಹೆಚ್ಚಿನವರು ಮುಂದಿನ ಕಾಲ ಸಿರಿಧಾನ್ಯದ್ದು ಎಂದಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮುಂದಿನ ಹತ್ತು ವರ್ಷ ಕಾಳಿನದು. ಹುರುಳಿ, ಅವರೆ, ತೊಗರಿ, ಅಲಸಂದೆ. ಜನ ಧಾನ್ಯವನ್ನು, ಅದು ಯಾವ ಧಾನ್ಯವೇ ಆಗಿರಲಿ, ಕಡಿಮೆ ತಿನ್ನುವ ಕಡೆಗೆ ಹೊರಟಿದ್ದಾರೆ. ಯಾಕೆ ಹೀಗೆ ಹೇಳುತ್ತೇನೆ ಎಂಬುದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಮೂರು ಎಕರೆಯ ವಿಷಯ ಒಂದು ಸಾಲಿನಲ್ಲಿ ಮುಗಿಯುವಂಥದ್ದಲ್ಲ.

ಮೊದಲು ನನ್ನ ಮನೆಯದೇ ಒಂದು ಸಂಗತಿ. ನಾನು ಮಧುಗಿರಿ ಸೀಮೆಯವನು, ವಯಸ್ಸು ಐವತ್ತೆಂಟು, ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷವಾಯಿತು. ಹೋದ ವರ್ಷ ಮಗಳು ತೋಳಿಗೆ ಅಂಟಿಸುವ, ಸಕ್ಕರೆ ಅಳೆಯುವ ಬಿಲ್ಲೆಯೊಂದನ್ನು ತಂದು ಹಾಕಿದಳು. ಹದಿನಾಲ್ಕು ದಿನ ಅದು ತೋಳಿನ ಮೇಲೆಯೇ ಇರುತ್ತದೆ, ಮೊಬೈಲ್ ಹತ್ತಿರ ಹಿಡಿದರೆ ಅಂಕಿ ಕಾಣುತ್ತದೆ. ಮೊದಲ ದಿನ ಎಂದಿನಂತೆ ದೊಡ್ಡ ಮುದ್ದೆ, ತೆಳು ಸೊಪ್ಪಿನ ಸಾರು ಉಂಡೆ. ಉಂಡು ಒಂದೂವರೆ ಗಂಟೆಯಾದಾಗ ಅಂಕಿ 218. ರಾಗಿ ಉಂಡರೆ ಸಕ್ಕರೆ ಏರುವುದಿಲ್ಲ ಎಂದು ಒಂಬತ್ತು ವರ್ಷ ನಂಬಿಕೊಂಡು ಬಂದವನು ನಾನು. ಮೂರನೆಯ ದಿನ ಮಗಳು ಹೇಳಿದಂತೆ ಮೊದಲು ಒಂದು ಬಟ್ಟಲು ಬೇಯಿಸಿದ ಹುರುಳಿಕಾಳು ಮತ್ತು ಸೊಪ್ಪಿನ ಪಲ್ಯ ತಿಂದು, ಆಮೇಲೆ ಅರ್ಧ ಮುದ್ದೆಯನ್ನು ಬಸ್ಸಾರಿನಲ್ಲಿ ಉಂಡು, ಹೊಲದ ಬದುವಿನ ಮೇಲೆ ಇಪ್ಪತ್ತು ನಿಮಿಷ ನಡೆದೆ. ಅಂಕಿ 157. ಅದೇ ರಾಗಿ, ಅದೇ ಮಾತ್ರೆ. ಹದಿನಾಲ್ಕು ದಿನದಲ್ಲಿ ನಮ್ಮ ಮನೆಯ ಮುದ್ದೆ ಕಿತ್ತಳೆ ಗಾತ್ರಕ್ಕೆ ಇಳಿಯಿತು, ಹುರುಳಿಯ ಡಬ್ಬ ವಾರದಲ್ಲೇ ಖಾಲಿಯಾಗತೊಡಗಿತು. (ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಒಮ್ಮೆಲೇ ಊಟ ಇಳಿಸಬೇಡಿ, ಸಕ್ಕರೆ ತೀರಾ ಕೆಳಗೆ ಬೀಳಬಹುದು.)

ಈ ಬಿಲ್ಲೆ ಇಂದು ದುಬಾರಿ. ಮೊಬೈಲ್ ಅಗ್ಗವಾದಂತೆ ಇದೂ ಅಗ್ಗವಾಗುತ್ತದೆ ಎಂಬುದು ನನ್ನ ಅಂದಾಜು. ಆಗ ಪ್ರತಿ ಮನೆಯಲ್ಲಿಯೂ ನಮ್ಮ ಮನೆಯಲ್ಲಿ ಆದದ್ದೇ ಆಗುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು 13.6 ಕೋಟಿ. ಮುಂದಿನ ಆಹಾರದ ಅಲೆಯನ್ನು ಎಬ್ಬಿಸುವವರು ಇವರೇ. ಸಿನಿಮಾ ನಟರ ಹೊಟ್ಟೆ ನೋಡಿ ಊಟ ಬದಲಿಸುವವರು ಆರು ತಿಂಗಳಿಗೆ ಬಿಡುತ್ತಾರೆ. ಕಾಲಿನ ಗಾಯ ಮಾಯದೆ ಆಸ್ಪತ್ರೆಗೆ ಹೋಗಿ ಬಂದವರು ಬಿಡುವುದಿಲ್ಲ.

ಇದೇ ಅಧ್ಯಯನದ ತಂಡ 2025ರಲ್ಲಿ ಜನರ ಊಟದ ಲೆಕ್ಕವನ್ನೂ ಪ್ರಕಟಿಸಿತು. ಊಟದಿಂದ ನಮಗೆ ಸಿಗುವ ಶಕ್ತಿಯಲ್ಲಿ (ಕ್ಯಾಲೊರಿಯಲ್ಲಿ) ಶೇ. 62ರಷ್ಟು ಪಿಷ್ಟ, ಸಕ್ಕರೆಯಿಂದಲೇ ಬರುತ್ತಿದೆ. ಅಕ್ಕಿ, ಮೈದಾ ಬಿಟ್ಟು ಅಷ್ಟೇ ಪ್ರಮಾಣದಲ್ಲಿ ಇಡೀ ಗೋಧಿ ಹಿಟ್ಟನ್ನೋ ಸಿರಿಧಾನ್ಯದ ಹಿಟ್ಟನ್ನೋ ತಿಂದರೆ ಕಾಯಿಲೆಯ ಅಪಾಯ ಕಡಿಮೆಯಾದದ್ದು ಅವರಿಗೆ ಕಾಣಲಿಲ್ಲ. ಒಟ್ಟು ಪಿಷ್ಟವನ್ನು ಸ್ವಲ್ಪ ಇಳಿಸಿ, ಆ ಜಾಗದಲ್ಲಿ ಕಾಳು ಅಥವಾ ಹಾಲಿನ ಪ್ರೋಟೀನ್ ಇಟ್ಟರೆ ಅಪಾಯ ಇಳಿಯುತ್ತದೆ ಎಂದರು. ನನ್ನ ತೋಳಿನ ಮೇಲಿನ ಬಿಲ್ಲೆಯೂ ಅದನ್ನೇ ತೋರಿಸಿತ್ತು. ಸಾಮೆಯಲ್ಲಿಯೂ ನೂರು ಗ್ರಾಂಗೆ 65 ಗ್ರಾಂ ಆಸುಪಾಸು ಪಿಷ್ಟವೇ ಇದೆ, ರಾಗಿಯಲ್ಲಿಯೂ ಅಷ್ಟೇ. ಪ್ರೋಟೀನ್ ರಾಗಿಯಲ್ಲಿ 7 ಗ್ರಾಂ, ಹುರುಳಿಯಲ್ಲಿ 22. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನಿಮ್ಮ ಹೊಲವನ್ನು ನೋಡಿ.

ಇನ್ನೊಂದು ಬದಲಾವಣೆ ಔಷಧಿ ಅಂಗಡಿಯಿಂದ ಬರುತ್ತಿದೆ. ಹಸಿವು ತಗ್ಗಿಸಿ ತೂಕ ಇಳಿಸುವ, ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಮದ್ದುಗಳು. ಮೌಂಜಾರೋ 2025ರ ಮಾರ್ಚ್‌ನಲ್ಲಿ, ವೆಗೋವಿ ಅದೇ ವರ್ಷದ ಜೂನ್‌ನಲ್ಲಿ ನಮ್ಮ ದೇಶಕ್ಕೆ ಬಂದವು. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್‌ನ ಪೇಟೆಂಟ್ ಭಾರತದಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ. ಪೇಟೆಂಟ್ ಮುಗಿದ ಔಷಧಿಯನ್ನು ಅಗ್ಗವಾಗಿ ತಯಾರಿಸುವುದರಲ್ಲಿ ನಮ್ಮ ಕಂಪನಿಗಳನ್ನು ಮೀರಿಸುವವರಿಲ್ಲ. ಇವನ್ನು ತೆಗೆದುಕೊಳ್ಳುವವರಿಗೆ ಹಸಿವು ಕುಗ್ಗುತ್ತದೆ, ನಾಲ್ಕು ತುತ್ತಿಗೆ ಹೊಟ್ಟೆ ತುಂಬುತ್ತದೆ. ಕೊಬ್ಬಿನ ಜೊತೆ ಮಾಂಸಖಂಡವೂ ಕರಗುವುದರಿಂದ ಪ್ರೋಟೀನ್ ಚೆನ್ನಾಗಿ ತಿನ್ನಿ, ಭಾರ ಎತ್ತುವ ವ್ಯಾಯಾಮ ಮಾಡಿ ಎಂದು ವೈದ್ಯರು ಹೇಳುತ್ತಾರೆ. ನಾಲ್ಕೇ ತುತ್ತು ಉಣ್ಣುವವರು ಆ ನಾಲ್ಕು ತುತ್ತಿನಲ್ಲಿ ಏನಿರಬೇಕೆಂದು ಲೆಕ್ಕ ಹಾಕಿಯೇ ಹಾಕುತ್ತಾರೆ. ಅನ್ನ, ಮುದ್ದೆಗೆ ಅಲ್ಲಿ ಜಾಗ ಕಡಿಮೆ.

ಜಿಮ್‌ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ನಮ್ಮ ತಾಲ್ಲೂಕು ಕೇಂದ್ರದಲ್ಲೇ ಮೂರು ಇವೆ. ಈಗ ಅಲ್ಲಿಗೆ ಹೋಗುವವರು ಹುಡುಗರು. ಇನ್ನು ಕೆಲವು ವರ್ಷಕ್ಕೆ ಮಂಡಿ ನೋವಿನ ಐವತ್ತರ ಹೆಂಗಸರು ಹೋಗುತ್ತಾರೆ ಎಂದುಕೊಂಡಿದ್ದೇನೆ, ಯಾಕೆಂದರೆ ವಯಸ್ಸಾದ ಮೇಲೆ ಬಲ ಉಳಿಸಿಕೊಳ್ಳುವುದೇ ಮುಖ್ಯ ಎಂಬ ಮಾತು ಈಗ ವೈದ್ಯರ ಬಾಯಲ್ಲಿ ದಿನವೂ ಕೇಳುತ್ತಿದೆ. ಹುಡುಗರು ಡಬ್ಬದ ಪುಡಿ ಕುಡಿಯಲಿ. ಆ ತಾಯಂದಿರು ಹಿತಕಿದ ಬೇಳೆ, ಮೊಳಕೆ ಹುರುಳಿ, ಹಾಲು, ಮೊಟ್ಟೆಗೇ ಬರುವವರು.

ಈಗ ಚಿಯಾ. ನಮ್ಮಲ್ಲಿ ಅದು ಹತ್ತು ಹನ್ನೆರಡು ವರ್ಷದ ಹಿಂದೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಮೂಲಕ ಬಂತು, ಹೆಗ್ಗಡದೇವನಕೋಟೆ ಕಡೆ ಬಹಳ ಜನ ಹಾಕಿದರು. ಮೊದಲು ಬೆಳೆದವರಿಗೆ ಒಳ್ಳೆಯ ಬೆಲೆ ಸಿಕ್ಕಿತು, ಬೆಳೆಯುವವರು ಹೆಚ್ಚಿದಂತೆ ಬೆಲೆ ಇಳಿಯಿತು. ದಕ್ಷಿಣ ಅಮೆರಿಕದ ಕಾಳು ಕ್ವಿನೋವಾದ ಕಥೆ ಇನ್ನೂ ಸ್ಪಷ್ಟವಾಗಿದೆ. ವಿಶ್ವಸಂಸ್ಥೆ 2013ನ್ನು ಕ್ವಿನೋವಾ ವರ್ಷವೆಂದು ಘೋಷಿಸಿತು, ಬೊಲಿವಿಯಾ, ಪೆರುವಿನ ರೈತರಿಗೆ 2014ರವರೆಗೆ ಹಬ್ಬ. ಪೆರುವಿನ ಕರಾವಳಿಯ ದೊಡ್ಡ ಜಮೀನುಗಳಲ್ಲಿಯೂ ಅದನ್ನೇ ಬೆಳೆದರು. ಎರಡು ವರ್ಷದೊಳಗೆ ಬೆಲೆ ಅರ್ಧಕ್ಕಿಂತ ಕೆಳಗೆ ಬಿತ್ತು. ಹತ್ತು ವರ್ಷದ ನಂತರ, 2023ರಲ್ಲಿ, ನಮ್ಮ ಸಿರಿಧಾನ್ಯಕ್ಕೂ ಅದೇ ವಿಶ್ವಸಂಸ್ಥೆಯ ವರ್ಷ ಬಂತು. ಮಲೆನಾಡಿನ ಹಿರಿಯರನ್ನು ವೆನಿಲ್ಲಾ ಬಗ್ಗೆ ಕೇಳಿ ನೋಡಿ. 2003ರ ಹೊತ್ತಿಗೆ ರಾತ್ರಿ ತೋಟ ಕಾಯುತ್ತಿದ್ದರು, ಒಂದೆರಡು ವರ್ಷಕ್ಕೆ ಬಳ್ಳಿ ಕಿತ್ತು ಎಸೆದರು. ಹೆಸರಿನ ಹಿಂದೆ ಓಡುವ ಬೆಳೆಯಲ್ಲಿ ಮೊದಲು ಹಾಕಿದವರಿಗಷ್ಟೇ ಲಾಭ, ನೀವು ಮೊದಲಿಗರಲ್ಲ.

ಸಾಮೆ ಕೆಟ್ಟ ಬೆಳೆ ಎಂದು ಯಾರೂ ತಿಳಿಯಬಾರದು. ಕಡಿಮೆ ಮಳೆಗೆ, ಬಡ ಮಣ್ಣಿಗೆ ಅದಕ್ಕೆ ಸಾಟಿ ಕಡಿಮೆ, ಮೂರು ತಿಂಗಳಿಗೆ ಕೊಯ್ಲಿಗೆ ಬರುತ್ತದೆ. ಕಷ್ಟ ಇರುವುದು ಕೊಯ್ಲಾದ ಮೇಲೆ. 2018ರಲ್ಲಿ ನಾನು ಒಂದು ಎಕರೆ ಹಾಕಿ ನಾಲ್ಕು ಕ್ವಿಂಟಾಲ್ ತೆಗೆದೆ. ಕಣದ ಸಗಣಿ ಸಾರಣೆ ಬಿರುಕು ಬಿಟ್ಟಿತ್ತು, ಒಕ್ಕುವಾಗ ಮಣ್ಣಿನ ಹರಳು ಸೇರಿಕೊಂಡವು. ಸಾಮೆ ಕಾಳೂ ಆ ಹರಳೂ ಒಂದೇ ಗಾತ್ರ, ಒಂದೇ ಬಣ್ಣ. ತೂರಿದರೆ ಹೋಗುವುದಿಲ್ಲ, ಕೇರಿದರೆ ಹೋಗುವುದಿಲ್ಲ. ನನ್ನ ಹೆಂಡತಿ ಮೊರದ ಮೇಲೆ ಹರಡಿಕೊಂಡು ಬೆರಳ ತುದಿಯಲ್ಲಿ ಆರಿಸಲು ಕುಳಿತಳು, ಒಂದು ಮಧ್ಯಾಹ್ನಕ್ಕೆ ಎರಡು ಸೇರೂ ಆಗಲಿಲ್ಲ. ಸಿಪ್ಪೆ ಬಿಡಿಸುವ ಯಂತ್ರ ಇದ್ದದ್ದು ಐವತ್ತು ಕಿಲೋಮೀಟರ್ ದೂರದಲ್ಲಿ. ಅಲ್ಲಿ ನಾಲ್ಕು ಕ್ವಿಂಟಾಲಿಗೆ ಎರಡು ಕ್ವಿಂಟಾಲ್ ನಲವತ್ತು ಕಿಲೋ ಅಕ್ಕಿ ಬಂತು, ಅದರಲ್ಲಿ ನುಚ್ಚೇ ಬಹಳ. ಕೊಳ್ಳುತ್ತೇನೆ ಎಂದಿದ್ದ ವ್ಯಾಪಾರಿ ಹಲ್ಲಿಗೆ ಕಲ್ಲು ಸಿಕ್ಕಿತು ಎಂದು ವಾಪಸ್ ಕಳಿಸಿದ. ಸಿಪ್ಪೆ ತೆಗೆದ ಸಾಮೆ ಬಹಳ ದಿನ ಇಟ್ಟರೆ ಕಮಟು ವಾಸನೆ ಬರುತ್ತದೆ, ಹಾಗಾಗಿ ಬಂದ ಬೆಲೆಗೆ ಕೊಟ್ಟೆ.

ರಾಗಿಗೆ ಈ ಕಾಟವೇ ಇಲ್ಲ. ಸಾಮೆ, ನವಣೆಯಂತೆ ಬಿಡಿಸಬೇಕಾದ ಗಟ್ಟಿ ಸಿಪ್ಪೆ ಅದಕ್ಕಿಲ್ಲ, ನೇರವಾಗಿ ಗಿರಣಿಗೆ ಹೋಗುತ್ತದೆ. ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ವರ್ಷಗಟ್ಟಲೆ ಇಡುತ್ತಿದ್ದ ಧಾನ್ಯ ಅದು. ಕ್ಯಾಲ್ಸಿಯಂ ನೂರು ಗ್ರಾಂಗೆ 340 ಮಿಲಿಗ್ರಾಂಗೂ ಹೆಚ್ಚು, ಬೇರೆ ಯಾವ ಧಾನ್ಯವೂ ಹತ್ತಿರಕ್ಕೆ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಹುಲ್ಲು. ಎರಡು ಹಸು ಕಟ್ಟಿದ ಮನೆಗೆ ಮೆದೆ ತುಂಬ ರಾಗಿ ಹುಲ್ಲು ಎಂದರೆ ಬೇಸಿಗೆ ಕಳೆಯಿತು ಎಂದೇ ಅರ್ಥ, ಮತ್ತು ಹಾಲು ಆ ಪ್ರೋಟೀನ್ ಪಟ್ಟಿಯಲ್ಲೇ ಇದೆ. ಸರ್ಕಾರದ ಬೆಂಬಲ ಬೆಲೆ 2025-26ರಲ್ಲಿ ಕ್ವಿಂಟಾಲಿಗೆ 4,886 ರೂಪಾಯಿ ಇತ್ತು. ಈ ಮಟ್ಟಿಗೆ ನಿಮ್ಮ ತಂದೆಯವರ ಮಾತು ಸರಿ. ಮುದ್ದೆ ಕಿರಿದಾಗುತ್ತದೆ, ತಟ್ಟೆಯಿಂದ ಹೋಗುವುದಿಲ್ಲ. ಹಾಗಾಗಿ ರಾಗಿ ಬಿಡಬೇಡಿ, ರಾಗಿಯ ಪಾಲನ್ನು ಇಳಿಸಿ.

ನಾನಾಗಿದ್ದರೆ ಮೂರು ಎಕರೆಯನ್ನು ಹೀಗೆ ಹಂಚುತ್ತೇನೆ. ಎರಡು ಎಕರೆಗೆ ರಾಗಿ, ಜೊತೆಗೆ ಅಕ್ಕಡಿ ಸಾಲು, ಅಂದರೆ ರಾಗಿಯ ನಡುನಡುವೆ ಬಿತ್ತುವ ಕಾಳಿನ ಸಾಲು. ಜುಲೈ ತಿಂಗಳ ಪುನರ್ವಸು, ಪುಷ್ಯ ಮಳೆಯ ಹದದಲ್ಲಿ ಕೂರಿಗೆಯಲ್ಲಿ ಬಿತ್ತಿ. ಹಿರಿಯರು ಅಕ್ಕಡಿಗೆ ಒಂದೊಂದೇ ಸಾಲು ಬಿಡುತ್ತಿದ್ದರು, ನೀವು ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಕೂಡ ಅದೇ. ಅವರೆಯಾದರೆ ಎಂಟಕ್ಕೆ ಒಂದು ಸಾಲು ಸಾಕು, ಅದು ಹಬ್ಬುತ್ತದೆ. ರಾಗಿಗೆ ಜಿಪಿಯು-28 ಅಥವಾ ಎಂಎಲ್-365, ತೊಗರಿಗೆ ಬಿಆರ್‌ಜಿ-2 ತಳಿಗಳು ನನಗೆ ಒಗ್ಗಿವೆ. ಅವರೆ ಮಾತ್ರ ಊರಿನ ತಳಿಯೇ ಇರಲಿ. ಹೆಬ್ಬಾಳ ಅವರೆ ಯಾವ ಕಾಲಕ್ಕೂ ಕಾಯಿ ಬಿಡುತ್ತದೆ, ಆದರೆ ಮಾಗಿ ಚಳಿಯ ಇಬ್ಬನಿಯಲ್ಲಿ ಊರ ಅವರೆಗೆ ಬರುವ ಸೊಗಡು ಅದಕ್ಕಿಲ್ಲ, ಬೆಂಗಳೂರಿನವರು ದುಡ್ಡು ಕೊಡುವುದು ಆ ಸೊಗಡಿಗೆ. ಬಿತ್ತುವ ಮುನ್ನ ಕಾಳಿನ ಬೀಜಕ್ಕೆ ರೈಜೋಬಿಯಂ (ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಸೂಕ್ಷ್ಮಜೀವಿಯ ಗೊಬ್ಬರ) ಹಚ್ಚುವುದನ್ನು ಮರೆಯಬೇಡಿ.

ಒಂದು ಎಚ್ಚರಿಕೆ. ರಾಗಿ ನವೆಂಬರ್‌ನಲ್ಲಿ ಕೊಯ್ದ ಮೇಲೆ ತೊಗರಿ ಜನವರಿವರೆಗೆ ಒಂಟಿಯಾಗಿ ನಿಂತಿರುತ್ತದೆ, ಆಗ ಊರಿನ ಕುರಿ, ಮೇಕೆ ಎಲ್ಲಾ ಅದರ ಮೇಲೆಯೇ. ಅಕ್ಕಡಿ ಬಿಟ್ಟುಹೋಗಿದ್ದೇ ಎಷ್ಟೋ ಊರಲ್ಲಿ ಈ ಕಾರಣಕ್ಕೆ. ಪಕ್ಕದ ನಾಲ್ಕು ಹೊಲದವರ ಜೊತೆ ಕುಳಿತು ಮಾತಾಡಿ, ಎಲ್ಲರೂ ಒಟ್ಟಿಗೆ ತೊಗರಿ ಸಾಲು ಬಿಟ್ಟರೆ ಕಾಯುವುದೂ ಸರದಿಯಲ್ಲಿ ನಡೆಯುತ್ತದೆ.

ಉಳಿದದ್ದರಲ್ಲಿ ಮುಕ್ಕಾಲು ಎಕರೆಗೆ ಹುರುಳಿ. ಸೆಪ್ಟೆಂಬರ್‌ ಹೊತ್ತಿನ ಹುಬ್ಬೆ, ಉತ್ತರೆ ಮಳೆಗೆ ಎಕರೆಗೆ ಹತ್ತು ಕಿಲೋದಂತೆ ಬಿತ್ತಿದರೆ ಆಯಿತು, ಗೊಬ್ಬರ ಹೆಚ್ಚು ಕೇಳುವುದಿಲ್ಲ. ಪಿಎಚ್‌ಜಿ-9 ಒಳ್ಳೆಯ ತಳಿ. ಇಳುವರಿ ಕಡಿಮೆ ಎಂದು ಮೂಗು ಮುರಿಯುವವರಿದ್ದಾರೆ, ಎರಡು ಮೂರು ಕ್ವಿಂಟಾಲ್ ಬಂದರೆ ಹೆಚ್ಚು. ಆದರೆ ಖರ್ಚೂ ಅಷ್ಟೇ ಕಡಿಮೆ, ಕಾಳು ತೆಗೆದ ಹೊಟ್ಟು ದನಕ್ಕೆ ಮೇವು, ಮುಂದಿನ ರಾಗಿಗೆ ಮಣ್ಣು ಹದ. ಮಿಕ್ಕ ಕಾಲು ಎಕರೆಯಲ್ಲಿ ಸಾಮೆ ಹಾಕಿ ಕಲಿಯಿರಿ. ಹತ್ತಿರದಲ್ಲಿ ಕಲ್ಲು ತೆಗೆಯುವ, ಸಿಪ್ಪೆ ಬಿಡಿಸುವ ಯಂತ್ರ ಬಂದು, ಕೊಳ್ಳುವವರು ಮುಂಗಡ ಕೊಟ್ಟ ವರ್ಷ ಹೆಚ್ಚಿಸಿಕೊಳ್ಳಬಹುದು. ಒಕ್ಕಣೆಗೆ ಮಾತ್ರ ಟಾರ್ಪಾಲು ಹಾಸದೆ ಕೈಹಾಕಬೇಡಿ.

ಮಾರಾಟಕ್ಕೆ ನಿಮ್ಮ ಬೆಂಗಳೂರಿನ ಗೆಳೆಯರೇ ಬಂಡವಾಳ. ತೊಗರಿಯನ್ನು ಮಂಡಿಗೆ ಹಾಕುವ ಬದಲು ಬೇಳೆ ಮಾಡಿಸಿ. ಸಿಎಫ್‌ಟಿಆರ್‌ಐ ರೂಪಿಸಿದ ಚಿಕ್ಕ ದಾಲ್ ಮಿಲ್ ಇದೆ, ಐದಾರು ಜನ ಸೇರಿದರೆ ಕೊಳ್ಳಬಹುದು. ಹುರುಳಿಯನ್ನು ಹುರಿದು ಹಿಟ್ಟು ಮಾಡಿ, ಮೂರು ಪಾಲು ರಾಗಿ ಹಿಟ್ಟಿಗೆ ಒಂದು ಪಾಲು ಬೆರೆಸಿದರೆ ರೊಟ್ಟಿಗೆ ಚೆನ್ನಾಗಿ ಬರುತ್ತದೆ, ನಮ್ಮ ಮನೆಯಲ್ಲಿ ಈಗ ಅದೇ ನಡೆಯುತ್ತಿರುವುದು. ಚೀಲದ ಮೇಲೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂದು ದಯವಿಟ್ಟು ಬರೆಸಬೇಡಿ. ಕೊಂಡವರ ತೋಳಿನ ಮೇಲೆ ನಾಳೆ ಅದೇ ಬಿಲ್ಲೆ ಇರುತ್ತದೆ. ಎಷ್ಟು ಗ್ರಾಂ ಪ್ರೋಟೀನ್, ಎಷ್ಟು ಪಿಷ್ಟ, ಯಾವ ಹೊಲದ್ದು, ಯಾವ ತಿಂಗಳ ಕೊಯ್ಲು, ಇಷ್ಟೇ ಬರೆಯಿರಿ.

ನಿಮ್ಮ ಹೊಲದ ಮಣ್ಣು ಎಷ್ಟು ಆಳವಿದೆ, ಬದುವಿನಲ್ಲಿ ನೀರು ನಿಲ್ಲುತ್ತದೆಯೇ ಎಂಬುದನ್ನು ತಿಳಿಸಿ, ತೊಗರಿಗೆ ನೀರು ನಿಂತರೆ ಆಗುವುದಿಲ್ಲ. ನನ್ನಲ್ಲಿ ಬೂದಿ ಬೆರೆಸಿ ಇಟ್ಟ ಪಿಎಚ್‌ಜಿ-9 ಹುರುಳಿ ಬೀಜ ಹದಿನೈದು ಕಿಲೋ ಉಳಿದಿದೆ, ಊರ ಅವರೆಯ ಬೀಜವೂ ನಾಲ್ಕು ಸೇರು ಇದೆ. ದುಡ್ಡು ಬೇಡ, ಮುಂದಿನ ವರ್ಷ ಅಷ್ಟೇ ಬೀಜ ವಾಪಸ್ ಕೊಟ್ಟರೆ ಸಾಕು. ಬರುವಾಗ ತಂದೆಯವರನ್ನೂ ಕರೆದುಕೊಂಡು ಬನ್ನಿ, ಅವರು ಅಕ್ಕಡಿಗೆ ಏನೇನು ಹಾಕುತ್ತಿದ್ದರು ಎಂದು ನನಗೂ ಕೇಳಬೇಕಾಗಿದೆ.